ಪದಚರ್ಚೆ: ‘ಪಬ್ಲಿಕ್ ಕೀ’ ಎಂಬುದು ಕೀಲಿಯೋ, ಕೀಲಿಕೈಯೋ?

ಸಾಗರದ ಹತ್ತಿರದ ನಮ್ಮೂರ ಹೈಸ್ಕೂಲಿನಲ್ಲಿ ಕ್ವಾಂಟಮ್ ಕಂಪ್ಯೂಟರ್ (ಪರಮಾಣು ಮಟ್ಟದ ಕಣಗಳ ವಿಚಿತ್ರ ನಿಯಮಗಳಿಂದ ಲೆಕ್ಕ ಮಾಡುವ ಯಂತ್ರ) ಬಗ್ಗೆ ಅರ್ಧ ಗಂಟೆ ಮಾತಾಡಬೇಕಿದೆ. ಟಿಪ್ಪಣಿ ಮಾಡಿಕೊಳ್ಳಲು ಕೂತವನು ಮೂರು ಪದಗಳಲ್ಲಿ ಸಿಕ್ಕಿಬಿದ್ದಿದ್ದೇನೆ.

ಮೊದಲನೆಯದು ‘ಪಬ್ಲಿಕ್ ಕೀ’, ಅಂದರೆ ನಮಗೆ ಗುಟ್ಟಾಗಿ ಸಂದೇಶ ಕಳಿಸಲೆಂದು ನಾವು ಎಲ್ಲರಿಗೂ ಕೊಟ್ಟಿಡುವ ದೊಡ್ಡ ಸಂಖ್ಯೆ. ಇದಕ್ಕೆ ‘ಸಾರ್ವಜನಿಕ ಕೀಲಿ’ ಎಂದು ಬರೆದುಕೊಂಡಿದ್ದೆ. ಧಾರವಾಡ ಕಡೆಯವಳಾದ ನನ್ನ ಹೆಂಡತಿ ಓದಿ, “ಊರಿಗೆಲ್ಲಾ ಕೀಲಿ ಹಾಕ್ತೀರೇನು?” ಅಂದಳು. ನಮ್ಮಲ್ಲಿ ಬಾಗಿಲಿಗೆ ಹಾಕುವುದು ಬೀಗ, ತೆಗೆಯುವುದು ಬೀಗದ ಕೈ. ಅವರಲ್ಲಿ ಹಾಕುವುದೇ ಕೀಲಿ, ತೆಗೆಯುವುದು ಕೀಲಿಕೈ. ‘ಕೀಲಿಮಣೆ’ ಬಂದಮೇಲೆ ನಾವು ಬರೆಯುವವರು ‘ಕೀ’ ಕಂಡಲ್ಲೆಲ್ಲ ‘ಕೀಲಿ’ ಅಂಟಿಸಿಬಿಟ್ಟಿದ್ದೇವೆ.

ತಮಾಷೆಯೆಂದರೆ, ಅವಳ ಅರ್ಥವೇ ವಿಷಯಕ್ಕೆ ಹತ್ತಿರ. ಪಬ್ಲಿಕ್ ಕೀ ಮಾಡುವ ಕೆಲಸ ಬೀಗದ್ದು. ಬಾಯಿ ತೆರೆದ ಬೀಗಗಳನ್ನು ಊರಿಗೆಲ್ಲ ಹಂಚುತ್ತೇನೆ. ಯಾರು ಬೇಕಾದರೂ ಪೆಟ್ಟಿಗೆಗೆ ಒತ್ತಿ ನನಗೆ ಕಳಿಸಬಹುದು, ತೆಗೆಯುವ ಕೈ ಮಾತ್ರ ನನ್ನ ಸೊಂಟದಲ್ಲಿ. ಹಾಗಾದರೆ ‘ಬಹಿರಂಗ ಬೀಗ’, ‘ಗುಟ್ಟಿನ ಕೈ’ ಅನ್ನಬಹುದೇ? ಡಿಜಿಟಲ್ ಸಹಿಯ ವಿಷಯಕ್ಕೆ ಬಂದರೆ ಈ ಹೋಲಿಕೆ ಕೆಡುತ್ತದೆ, ಗೊತ್ತು. ಅಲ್ಲಿ ಗುಟ್ಟಿನದರಿಂದ ಮುದ್ರೆ ಒತ್ತಿ, ಬಹಿರಂಗದ್ದರಿಂದ ತಾಳೆ ನೋಡುತ್ತಾರೆ.

ಎರಡನೆಯದು ‘ಪೋಸ್ಟ್ ಕ್ವಾಂಟಮ್’, ಕ್ವಾಂಟಮ್ ಕಂಪ್ಯೂಟರಿಗೂ ಒಡೆಯಲಾಗದಿರಲಿ ಎಂದು ಕಟ್ಟಿದ ಬೀಗಗಳಿಗೆ ಇಂಗ್ಲಿಷಿನಲ್ಲಿಟ್ಟ ಹೆಸರು. ಸ್ವಾತಂತ್ರ್ಯೋತ್ತರದ ಮಾದರಿಯಲ್ಲಿ ‘ಕ್ವಾಂಟಮೋತ್ತರ’ ಎಂದು ಗೆಳೆಯರೊಬ್ಬರು ಸೂಚಿಸಿದರು. ಮಕಾರಕ್ಕೆ ಗುಣಸಂಧಿ ಎಲ್ಲಿಂದ ಬಂತೋ! ಸಂಧಿ ಹೋಗಲಿ, ಅರ್ಥವೂ ಅಡ್ಡ ಹೋಗುತ್ತದೆ: ಕ್ವಾಂಟಮ್ ಕಾಲ ಮುಗಿದಮೇಲಿನದು ಎಂದಾಗುತ್ತದೆ. ದೊಡ್ಡ ಸಂಖ್ಯೆಯನ್ನು ಅದರ ಅಪವರ್ತನಗಳಾಗಿ ಒಡೆಯುವುದು ಕಷ್ಟ ಎಂಬ ನಂಬಿಕೆಯ ಮೇಲೆ 1977ರ ಆರ್‌ಎಸ್‌ಎ ಎಂಬ ಪಬ್ಲಿಕ್ ಕೀ ವಿಧಾನ ನಿಂತಿದೆ. ಕ್ವಾಂಟಮ್ ಕಂಪ್ಯೂಟರಿಗೆ ಅದು ಸುಲಭವೆಂದು ಗಣಿತಜ್ಞ ಪೀಟರ್ ಶೋರ್ 1994ರಲ್ಲಿ ತೋರಿಸಿಕೊಟ್ಟರು. ಅಷ್ಟು ದೊಡ್ಡ ಯಂತ್ರ ಇನ್ನೂ ಬಂದಿಲ್ಲ. ಆದರೂ ಅಮೆರಿಕದ ಮಾನಕ ಸಂಸ್ಥೆ ಎನ್‌ಐಎಸ್‌ಟಿ 2024ರ ಆಗಸ್ಟ್‌ನಲ್ಲೇ ಹೊಸ ಬೀಗ, ಸಹಿಗಳ ಮೊದಲ ಮೂರು ಮಾನಕಗಳನ್ನು ಹೊರಡಿಸಿತು. ಅವಸರ ಯಾಕೆಂದರೆ, ಇವತ್ತಿನ ಗುಟ್ಟುಗಳನ್ನು ಕದ್ದು ಹಾಗೇ ಪೇರಿಸಿಟ್ಟುಕೊಂಡು, ಯಂತ್ರ ಬಂದ ದಿನ ಒಡೆದು ಓದಬಹುದು. ರೇಟು ಬರಲಿ ಎಂದು ನಾವು ಅಡಿಕೆ ಮೂಟೆ ಅಟ್ಟದಲ್ಲಿ ಇಡುವುದಿಲ್ಲವೇ, ಹಾಗೆ. ‘ಕ್ವಾಂಟಮ್ ಗೂಢಲಿಪಿ’ ಎಂದೂ ಬರೆಯುವಂತಿಲ್ಲ. ಅದು ಬೆಳಕಿನ ಕಣಗಳಿಂದಲೇ ಗುಟ್ಟು ಸಾಗಿಸುವ ಬೇರೆ ವಿದ್ಯೆ. ಪೋಸ್ಟ್ ಕ್ವಾಂಟಮ್ ಎಂಬುದು ನಮ್ಮ ಮಾಮೂಲಿ ಫೋನಿನಲ್ಲೇ ನಡೆಯುವ ಗಣಿತ. ‘ಕ್ವಾಂಟಮ್ ನಿರೋಧಕ’ ಆಗಬಹುದು, ಪಠ್ಯಪುಸ್ತಕದ ವಾಸನೆ ಇದ್ದರೂ. ನನ್ನ ಮನಸ್ಸು ‘ಕ್ವಾಂಟಮ್‌ಗೆ ಜಗ್ಗದ’ ಕಡೆಗಿದೆ.

ಇನ್ನು ಕ್ರಿಪ್ಟೋಗ್ರಫಿಗೆ, ಅಂದರೆ ಗುಟ್ಟು ಕಾಯುವ ಈ ವಿದ್ಯೆಗೆ, ‘ಗೂಢಲಿಪಿ’ ಎನ್ನುವಾಗಿನ ‘ಲಿಪಿ’ಯ ಬಗ್ಗೆಯೂ ತಕರಾರಿದೆ. ನಮ್ಮ ಕಡೆ ತಿಗಳಾರಿ ಎಂಬ ಹಳೆಯ ಲಿಪಿಯ ತಾಳೆಗರಿ ಓದಬಲ್ಲವರು ಅಪರೂಪ, ಹಾಗೆಂದು ಅದು ಗೂಢವಲ್ಲ. ಕಲಿತರೆ ಬರುತ್ತದೆ. ಇಲ್ಲಿ ವಿಧಾನವನ್ನು ಪೂರ್ತಿ ಕಲಿತರೂ ಕೈ ಇಲ್ಲದೆ ತೆಗೆಯಲಾಗದು.

ಕೊನೆಯದು ‘ಲ್ಯಾಟಿಸ್’. ಆ ಮೂರು ಮಾನಕಗಳಲ್ಲಿ ಎರಡು ಇದನ್ನೇ ನೆಚ್ಚಿಕೊಂಡಿವೆ. ‘ಜಾಲರಿ’ ಎಂದರೆ ಮಕ್ಕಳಿಗೆ ಹಳೆಮನೆಯ ಜಾಲಂದ್ರ ನೆನಪಾಗುತ್ತದೆ, ಪಟ್ಟಿ ಮತ್ತು ಕಂಡಿ. ಗಣಿತದಲ್ಲಿ ಪಟ್ಟಿಯೇ ಇಲ್ಲ. ಲೆಕ್ಕ ತಪ್ಪದೆ ಹರಡಿದ ಬಿಂದುಗಳಷ್ಟೇ, ಅಮ್ಮ ಗೆರೆ ಎಳೆಯುವ ಮುಂಚಿನ ಚುಕ್ಕಿ ರಂಗೋಲಿಯ ಹಾಗೆ. ಅಂಗಳದಲ್ಲಾದರೆ ಬೆರಳಿಟ್ಟ ಜಾಗಕ್ಕೆ ಹತ್ತಿರದ ಚುಕ್ಕಿ ಯಾವುದೆಂದು ಕಣ್ಣೇ ಹೇಳುತ್ತದೆ; ನೂರಾರು ಆಯಾಮಗಳಲ್ಲಿ ಅದೇ ಪ್ರಶ್ನೆ ಕಂಪ್ಯೂಟರನ್ನೂ ಕಂಗೆಡಿಸುತ್ತದೆ. ‘ಚುಕ್ಕಿಹಾಸು’ ಎಂದರೆ ನಿಮ್ಮ ಕಿವಿಗೆ ಹೇಗೆ ಕೇಳುತ್ತದೆ? ಹಾಗೆಯೇ ಕಲಬುರಗಿ, ಬೀದರ್ ಕಡೆಯವರು ‘ಬಹಿರಂಗ ಬೀಗ’ ಓದಿ ಏನು ತಿಳಿಯುತ್ತೀರಿ, ಹೇಳಿ.