ಥೆರಪಿ ಶುರುವಾದ ಮೇಲೆ ನಿದ್ದೆ ಇನ್ನೂ ಕೆಟ್ಟಿದೆ, ಬಿಡಿಸಬೇಕಾ? (ಡೊಂಬಿವಲಿ)

ಫಡ್ಕೆ ರೋಡ್: ತಂಗಿಯ ಕಣ್ಣೆದುರೇ ಲೋಕಲ್ ರೈಲಿನಿಂದ ಒಬ್ಬರು ಬಿದ್ದು ನಾಲ್ಕು ತಿಂಗಳಾಯಿತು. ಕೆಟ್ಟ ಕನಸು, ಹಾರ್ನ್ ಕೇಳಿದರೆ ಬೆಚ್ಚುತ್ತಾಳೆ, ರೈಲಂತೂ ಹತ್ತುವುದೇ ಇಲ್ಲ. ಕೌನ್ಸೆಲರ್ ಮೊದಲ ದಿನವೇ ಎಲ್ಲವನ್ನೂ ಬಿಡಿಸಿ ಹೇಳಿಸಿದರಂತೆ. ಇಎಂಡಿಆರ್ (ಕಣ್ಣು ಆಡಿಸುತ್ತ ಕೆಟ್ಟ ನೆನಪಿನ ಕಾಟ ತಗ್ಗಿಸುವ ಥೆರಪಿ) ಅಂತಾರಲ್ಲ, ಅದರಲ್ಲೂ ಹೀಗೇನಾ?

ನೇರಳೆ: ನೆನಪನ್ನು ಕೆದಕಿದಾಗ ಒಂದೆರಡು ದಿನ ಕನಸು ಹೆಚ್ಚಾಗುವುದುಂಟು, ಅಷ್ಟಕ್ಕೇ ಬಿಡಿಸಬೇಡಿ. ಆದರೆ ಮೊದಲ ದಿನವೇ ಎಲ್ಲ ಹೇಳಿಸಿದ್ದು ಅವಸರವೇ ಸರಿ. ಇಎಂಡಿಆರ್‌ನಲ್ಲಿ 8 ಹಂತ. ಕಣ್ಣು ಎಡಬಲಕ್ಕೆ ಆಡಿಸುತ್ತ ನೆನಪಿಗೆ ಕೈಹಾಕುವುದು ನಾಲ್ಕನೆಯದರಲ್ಲಿ. ಅದಕ್ಕೆ ಮುಂಚೆ ಹಿನ್ನೆಲೆ ತಿಳಿಯುವುದು, ಗಾಬರಿಯಾದಾಗ ತಾನೇ ಸುಧಾರಿಸಿಕೊಳ್ಳುವ ಅಭ್ಯಾಸ, ಹೆಚ್ಚು ಕಾಡುವ ದೃಶ್ಯ ಯಾವುದೆಂದು ಗುರುತಿಸುವುದು. ಎಳೆಎಳೆಯಾಗಿ ಬಾಯಿಬಿಟ್ಟು ಹೇಳಲೇಬೇಕೆಂದಿಲ್ಲ. ಒಂದು ಸೆಷನ್ 60ರಿಂದ 90 ನಿಮಿಷ. ಕೊನೆಗೆ ಶಾಂತವಾಗಲು ಸಮಯ ಕೊಡದೆ ಕಳಿಸಿದರೆ ರಾತ್ರಿ ನಿದ್ದೆ ಹಾಳಾಗಬಹುದು. ಸೆಷನ್ ಹೇಗೆ ಮುಗಿಸುತ್ತೀರಿ ಅಂತ ನೇರವಾಗಿ ಕೇಳಿ.

ಸ್ಲೋ ಲೋಕಲ್: ರೈಲಿನ ಭಯಕ್ಕೆ ಬೇರೆಯೇ ಅಭ್ಯಾಸ ಬೇಕು, ಥೆರಪಿಸ್ಟ್ ಜೊತೆ ಕೂತು ಭಯವಾಗುವ ಸಂದರ್ಭಗಳ ಪಟ್ಟಿ ಮಾಡಿಸಿ. ಪ್ರತಿಯೊಂದರ ಭಯಕ್ಕೂ 0ರಿಂದ 100ರೊಳಗೆ ಅಂಕ. ಸ್ಟೇಷನ್ ಹೊರಗೆ ನಿಲ್ಲುವುದು 30 ಇರಬಹುದು, ಮಧ್ಯಾಹ್ನ ಪ್ಲಾಟ್‌ಫಾರಂ 50, ಠಾಕುರ್ಲಿವರೆಗೆ ಒಂದೇ ಸ್ಟೇಷನ್ 70. ಬೆಳಗಿನ ಫಾಸ್ಟ್ ಲೋಕಲ್ ಕಟ್ಟಕಡೆಗೆ. ಪ್ರತಿ ಮೆಟ್ಟಿಲಲ್ಲೂ ಅಂಕ ಅರ್ಧಕ್ಕೆ ಇಳಿಯುವವರೆಗೆ ಅಲ್ಲೇ ಇರಬೇಕು. 30–45 ನಿಮಿಷ ಹಿಡಿಯಬಹುದು. ಕೆಡುವುದೂ ಇಲ್ಲೇ: ಭಯ ನೆತ್ತಿಗೇರಿದಾಗ ಓಡಿಬಂದರೆ, ಓಡಿದ್ದರಿಂದಲೇ ಬದುಕಿದೆ ಅಂತ ಮೆದುಳು ಕಲಿಯುತ್ತದೆ. ನೀವು ದಿನಾ ಕೈಹಿಡಿದು ನಿಂತರೂ ಅದೇ ಕಥೆ, ಮೊದಲೆರಡು ಸಲ ಸಾಕು. ನೂಕುನುಗ್ಗಲಿನ ಬಾಗಿಲಲ್ಲಿ ನಿಲ್ಲಿಸಬೇಡಿ, ಅದು ನಿಜವಾದ ಅಪಾಯ.

ಮಾಟುಂಗಾ ಮಾಮಿ: ಬೋರ್ಡ್ ಮೇಲೆ ಕೌನ್ಸೆಲರ್ ಅಂತ ಯಾರು ಬೇಕಾದರೂ ಬರೆಸಿಕೊಳ್ಳುತ್ತಾರೆ. ಕ್ಲಿನಿಕಲ್ ಸೈಕಾಲಜಿಸ್ಟ್ ಆದರೆ ಆರ್‌ಸಿಐ (ಭಾರತೀಯ ಪುನರ್ವಸತಿ ಮಂಡಳಿ) ನೋಂದಣಿ ಇದೆಯಾ ನೋಡಿ. ಟ್ರಾಮಾ, ಅಂದರೆ ಮನಸ್ಸಿಗಾದ ಆಘಾತಕ್ಕೆ ಚಿಕಿತ್ಸೆ ಕೊಡುವ ತರಬೇತಿ ಎಲ್ಲಾಯಿತು ಅಂತ ಬೇರೆಯಾಗಿ ಕೇಳಿ. ದುಡ್ಡಿನ ತೊಂದರೆಯಿದ್ದರೆ ಮುಂಬೈನ ಸಾಯನ್ ಆಸ್ಪತ್ರೆ ಅಥವಾ ಪರೇಲ್‌ನ ಕೆಇಎಂ ಆಸ್ಪತ್ರೆಯ ಮನೋರೋಗ ಒಪಿಡಿಗೆ ಹೋಗಿ. ಅಲ್ಲಿ ಸರ್ಟ್ರಲೀನ್ (ಖಿನ್ನತೆ, ಆತಂಕಕ್ಕೆ ಕೊಡುವ ಮಾತ್ರೆ) ಬರೆದರೆ ಗುಣ ಕಾಣಲು ನಾಲ್ಕಾರು ವಾರ ಬೇಕು. ನಿದ್ದೆಗೆಂದು ಅಲ್ಪ್ರಾಜೋಲಾಂ ಮಾತ್ರೆ ಅಂಗಡಿಯಿಂದ ತಂದು ಕೊಡಬೇಡಿ: ಚಟ ಹತ್ತುತ್ತದೆ, ಟ್ರಾಮಾ ಹಾಗೇ ಉಳಿಯುತ್ತದೆ. ಸಾಯುವ ಮಾತು ಬಂದರೆ ಅಪಾಯಿಂಟ್‌ಮೆಂಟ್‌ಗೆ ಕಾಯಬೇಡಿ, ಒಂಟಿಯಾಗಿ ಬಿಡಬೇಡಿ, ಆಸ್ಪತ್ರೆಗೆ ಕರೆದೊಯ್ಯಿರಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಹಗಲುರಾತ್ರಿ ಇದೆ, ಕನ್ನಡದಲ್ಲೂ ಮಾತಾಡುತ್ತಾರೆ.