ಮಾರ್ಕ 8:36–37: ‘ಪ್ರಾಣ’ವೋ ‘ಆತ್ಮ’ವೋ? ಅದರ ಬೆಲೆಯನ್ನು ಹೇಗೆ ವಿವರಿಸುವುದು?

ಯುವಕೂಟ_ಪಾಠ:

ಎಲ್ಲರಿಗೂ ವಂದನೆ. ಯುವಜನರ ಕೂಟಕ್ಕೆ 25 ನಿಮಿಷದ ಸಂದೇಶ ಸಿದ್ಧಮಾಡಬೇಕು. ವಾಕ್ಯ ಮಾರ್ಕ 8:36–37. ಲೋಕವನ್ನೆಲ್ಲ ಸಂಪಾದಿಸಿ ಪ್ರಾಣ ನಷ್ಟಪಟ್ಟರೆ ಏನು ಪ್ರಯೋಜನ, ಪ್ರಾಣಕ್ಕೆ ಏನು ಈಡು ಕೊಡಬಹುದು ಎಂಬ ಭಾಗ. ಮೂರು ಕಡೆ ಸಿಕ್ಕಿಕೊಂಡಿದ್ದೇನೆ.

ಅರ್ಧ ಜನ ಇಂಗ್ಲಿಷ್ ಬೈಬಲ್ ಹಿಡಿದು ಬರುತ್ತಾರೆ. ಅದರಲ್ಲಿ ‘ಸೋಲ್’, ನಮ್ಮದರಲ್ಲಿ ‘ಪ್ರಾಣ’. ನಾನು ‘ಆತ್ಮ’ ಅನ್ನಲೇ? ಎರಡನೆಯದು, ಯಾಜಕಕಾಂಡ 27ರಲ್ಲಿ ಗಂಡಸಿಗೆ 50 ಶೆಕೆಲ್ (ಆಗಿನ ಬೆಳ್ಳಿಯ ತೂಕದ ಅಳತೆ), ಹೆಂಗಸಿಗೆ 30. ದೇವರ ಮುಂದೆ ಎಲ್ಲರ ಬೆಲೆ ಒಂದೇ ಅಂದ ಕೂಡಲೇ ಇದನ್ನು ಎತ್ತುವವರು ಇದ್ದೇ ಇರುತ್ತಾರೆ. ಕೊನೆಯದು, ಕ್ರಿಸ್ತನು ಈಡು ಕೊಟ್ಟನು ಅಂದರೆ ಯಾರಿಗೆ ಕೊಟ್ಟನು?

ಗ್ರೀಕ್_ಓದು:

‘ಪ್ರಾಣ’ವನ್ನು ಬಿಡಬೇಡಿ. ಮತ್ತೆ 36ರಿಂದಲ್ಲ, 35ನೇ ವಚನದಿಂದ ಓದಿಸಿ. 35–37ರೊಳಗೆ ‘ಪ್ಸುಖೇ’ ಎಂಬ ಗ್ರೀಕ್ ಪದ ನಾಲ್ಕು ಸಲ ಬರುತ್ತದೆ. 1611ರ ಇಂಗ್ಲಿಷ್ ಅನುವಾದ ಮೊದಲೆರಡು ಸಲ ‘ಲೈಫ್’ ಅಂದು, ಕೊನೆಯ ಎರಡು ಸಲ ‘ಸೋಲ್’ ಅಂದಿತು. ಅದನ್ನು ಓದಿದವರಿಗೆ ಎರಡು ಬೇರೆ ವಸ್ತುಗಳ ಮಾತು ಅನ್ನಿಸಿಬಿಡುತ್ತದೆ. ನಮ್ಮ ಹಳೆಯ ಸತ್ಯವೇದ ‘ಪ್ರಾಣ’ ಎಂದೇ ಹಿಡಿದುಕೊಂಡು ಹೋಗುತ್ತದೆ. ಈ ಒಂದು ಕಡೆ ಕನ್ನಡವೇ ಮೇಲು.

ಇದೇ ಮಾತನ್ನು ಲೂಕ 9:25ರಲ್ಲಿ ನೋಡಿ. ಅಲ್ಲಿ ‘ಪ್ಸುಖೇ’ ಇಲ್ಲ, ‘ತನ್ನನ್ನೇ’ ಕಳಕೊಂಡರೆ ಎಂದಿದೆ. ಅಪೊಸ್ತಲರ ಕೃತ್ಯಗಳು 2:41ರಲ್ಲಿ ಆ ದಿನ ಸೇರಿದವರು ಸುಮಾರು 3,000 ‘ಪ್ಸುಖೇ’ಗಳು. ಕನ್ನಡದಲ್ಲಿ ಅದನ್ನು ಜನ ಅನ್ನದೆ ಬೇರೆ ದಾರಿಯಿಲ್ಲ. ಮೈಯೊಳಗೆ ಅಡಗಿಸಿಟ್ಟ ಒಂದು ಹರಳಿನ ಬೆಲೆಯನ್ನು ಯೇಸು ಕೇಳುತ್ತಿಲ್ಲ, ಇಡೀ ಮನುಷ್ಯನ ಬೆಲೆ ಕೇಳುತ್ತಿದ್ದಾನೆ.

‘ಆತ್ಮ’ ಅಂದರೆ ಇನ್ನೊಂದು ತೊಡಕು. ಕನ್ನಡದ ಕಿವಿಗೆ ಆತ್ಮ ಅಂದರೆ ಹುಟ್ಟಿಲ್ಲದ್ದು, ಸಾವಿಲ್ಲದ್ದು, ಬೆಂಕಿ ಸುಡದ್ದು. ಅಂಥದ್ದು ನಷ್ಟವಾಗುವುದಾದರೂ ಹೇಗೆ? ಪ್ರಶ್ನೆಯ ಮೊನೆಯೇ ಮುರಿದುಹೋಗುತ್ತದೆ. ಕ್ರೈಸ್ತ ಬೋಧನೆಯಲ್ಲಿ ಅದು ದೇವರು ಉಂಟುಮಾಡಿದ್ದು, ದೇವರ ಒಂದು ತುಣುಕಲ್ಲ. ಹಾಗಂತ ‘ಪ್ರಾಣ ಅಂದರೆ ಬರೀ ಉಸಿರು’ ಎಂದೂ ಹೇಳಿಬಿಡಬೇಡಿ. ಮತ್ತಾಯ 10:28ರಲ್ಲಿ ದೇಹವನ್ನು ಕೊಲ್ಲುವವರಿಗೆ ಎಟುಕದ್ದು ಅದು, ಆದರೆ ದೇವರಿಗೆ ಎಟುಕುವಂಥದ್ದು. ಎರಡೂ ಅರ್ಧಗಳನ್ನು ಒಟ್ಟಿಗೆ ಹೇಳಿ.

ಲೇವಿಯ_ಲೆಕ್ಕ:

ಯಾಜಕಕಾಂಡ 27 ಹರಕೆಯ ದರಪಟ್ಟಿ. ಒಬ್ಬ ತನ್ನನ್ನೋ ಮಗನನ್ನೋ ಯೆಹೋವನಿಗೆ ಹರಕೆ ಹೊತ್ತರೆ, ಆಳಿನ ಬದಲು ಬೆಳ್ಳಿ ಕಟ್ಟಿ ತೀರಿಸುವ ಏರ್ಪಾಡು. ಪಟ್ಟಿಯನ್ನು ಪೂರ್ತಿ ಬೋರ್ಡಿನ ಮೇಲೆ ಬರೆಯಿರಿ, 50 ಮತ್ತು 30 ಮಾತ್ರ ಬರೆದರೆ ತಪ್ಪಾಗಿ ಕಾಣುತ್ತದೆ (ಶೆಕೆಲ್‌ಗಳಲ್ಲಿ, ಮೊದಲು ಗಂಡಸಿನದು, ಆಮೇಲೆ ಹೆಂಗಸಿನದು):

1 ತಿಂಗಳಿಂದ 5 ವರ್ಷ: 5 ಮತ್ತು 3
5ರಿಂದ 20: 20 ಮತ್ತು 10
20ರಿಂದ 60: 50 ಮತ್ತು 30
60 ದಾಟಿದವರು: 15 ಮತ್ತು 10

ಅರುವತ್ತು ದಾಟಿದ ಗಂಡಸು 50ರಿಂದ 15ಕ್ಕೆ ಇಳಿದ. ದರ ಮೈಕಸುವಿನ ಜೊತೆ ಏರಿ ಇಳಿಯುತ್ತಿದೆ, ದೇವರ ಕಣ್ಣಿನಲ್ಲಿ ಮುದುಕ ಅಗ್ಗವಾದ ಎಂದಲ್ಲ. 8ನೇ ವಚನ ಬಿಡಬೇಡಿ: ಬಡವನಿಗೆ ಕೊಡಲಾಗದಿದ್ದರೆ ಯಾಜಕ ಅವನ ಕೈಲಾದಷ್ಟಕ್ಕೆ ಇಳಿಸಬೇಕು.

ಪ್ರಾಣಕ್ಕೇ ಈಡು ಎಂದು ಬರುವುದು ವಿಮೋಚನಕಾಂಡ 30:11–16ರಲ್ಲಿ. ಅಲ್ಲಿ ತಲೆಗೆ ಅರ್ಧ ಶೆಕೆಲ್. ಐಶ್ವರ್ಯವಂತ ಹೆಚ್ಚು ಕೊಡಕೂಡದು, ಬಡವ ಕಡಿಮೆ ಕೊಡಕೂಡದು. ಒಂದು ಶೆಕೆಲ್ ಹೆಚ್ಚುಕಡಿಮೆ ನಮ್ಮ ಒಂದು ತೊಲ, ಅಂದರೆ ಅರ್ಧ ತೊಲ ಬೆಳ್ಳಿ. ಈ ಎರಡು ಅಧ್ಯಾಯಗಳನ್ನು ಅಕ್ಕಪಕ್ಕ ಇಟ್ಟರೆ ಆಕ್ಷೇಪಣೆಗೆ ಉತ್ತರ ಸಿಗುತ್ತದೆ.

ಸಭಾ_ಚರಿತ್ರೆ:

ಮೇಲಿನವರ ಮಾತಿಗೆ ಒಂದು ತಿದ್ದುಪಡಿ. ಆ ಅರ್ಧ ಶೆಕೆಲ್ ಕೊಟ್ಟವರು ಎಣಿಕೆಗೆ ಸೇರಿದ 20 ವರ್ಷ ಮೇಲ್ಪಟ್ಟ ಗಂಡಸರು ಮಾತ್ರ. ಅದರ ಮೇಲೆ ಗಂಡುಹೆಣ್ಣಿನ ಸಮಾನತೆಯನ್ನು ಕಟ್ಟಿದರೆ ಚುರುಕಾದ ಹುಡುಗಿಯೊಬ್ಬಳು ಎದ್ದು ಕೇಳುತ್ತಾಳೆ, ಕೇಳಬೇಕು ಕೂಡ. ಅದಕ್ಕೆ ಆದಿಕಾಂಡ 1:27ಕ್ಕೆ ಹೋಗಿ: ಗಂಡು ಹೆಣ್ಣು ಇಬ್ಬರೂ ದೇವರ ಸ್ವರೂಪ. ಪಾಪ ಬಂದ ಮೇಲೂ ಆ ಸ್ವರೂಪದ ಲೆಕ್ಕ ತಪ್ಪಿಲ್ಲ. ಆದಿಕಾಂಡ 9:6ರಲ್ಲಿ ಕೊಲೆ ಯಾಕೆ ತಪ್ಪು ಎಂಬುದಕ್ಕೂ, ಯಾಕೋಬ 3:9ರಲ್ಲಿ ಮನುಷ್ಯನನ್ನು ಶಪಿಸುವುದು ಯಾಕೆ ತಪ್ಪು ಎಂಬುದಕ್ಕೂ ಅದೇ ಕಾರಣ.

ಈಡಿನ ಪ್ರಶ್ನೆ ಹಳೆಯದು. ಮಾರ್ಕ 8:37ರ ‘ಈಡು’ ಗ್ರೀಕಿನಲ್ಲಿ ‘ಅಂತಲ್ಲಗ್ಮ’, ಅಂದರೆ ವಿನಿಮಯಕ್ಕೆ ಕೊಡುವ ವಸ್ತು. 10:45ರ ‘ಈಡು’ ‘ಲೂತ್ರೋನ್’, ಸೆರೆಯವರನ್ನೋ ಗುಲಾಮರನ್ನೋ ಬಿಡಿಸುವ ಹಣ. ಕನ್ನಡದಲ್ಲಿ ಎರಡಕ್ಕೂ ಒಂದೇ ಪದ ಬಿದ್ದಿರುವುದು ನಿಮಗೆ ಅನುಕೂಲವೇ: ಎಂಟರಲ್ಲಿ ಎದ್ದ ಪ್ರಶ್ನೆಗೆ ಹತ್ತರಲ್ಲಿ ಉತ್ತರ. ನಡುವೆ ಕೀರ್ತನೆ 49:7–8 ಓದಿ, ಯಾರೂ ತನ್ನ ಸಹೋದರನಿಗಾಗಿ ಈಡು ಕೊಡಲಾರನು, ಅದು ಅಷ್ಟು ದುಬಾರಿ.

ಈಡನ್ನು ಸೈತಾನನಿಗೆ ಕೊಟ್ಟದ್ದು ಎಂದು 3ನೇ ಶತಮಾನದಲ್ಲಿ ಕ್ರೈಸ್ತ ಪಂಡಿತ ಒರಿಗೆನ್ ಹೇಳಿದ. 4ನೇ ಶತಮಾನದಲ್ಲಿ ನಜಿಯಾನ್ಸಿನ ಗ್ರೆಗೊರಿ ಅದನ್ನು ಒಪ್ಪಲೇ ಇಲ್ಲ. ಕಳ್ಳನಿಗೆ ದೇವರನ್ನೇ ಕೂಲಿಯಾಗಿ ಕೊಡುವುದುಂಟೇ ಎಂಬುದು ಅವನ ಆಕ್ಷೇಪ. 11ನೇ ಶತಮಾನದ ಅನ್ಸೆಲ್ಮ್, ಮನುಷ್ಯ ಸಾಲ ತೀರಿಸಬೇಕಾದದ್ದು ದೇವರಿಗೆ ಎಂದು ಲೆಕ್ಕ ತಿರುಗಿಸಿದ. ಬೈಬಲ್ ಯಾರಿಗೆ ಎಂದು ಹೇಳುವುದಿಲ್ಲ, ಯಾರಿಂದ, ಯಾರಿಗಾಗಿ ಎಂದು ಹೇಳುತ್ತದೆ. 25 ನಿಮಿಷದಲ್ಲಿ ಅಷ್ಟು ಸಾಕು.

ಒಂದೇ ಎಚ್ಚರಿಕೆ. ‘ನೀನು ಅಷ್ಟು ಬೆಲೆಬಾಳುವವನು, ಅದಕ್ಕೇ ಕ್ರಿಸ್ತನು ಸತ್ತನು’ ಎಂದು ವೇದಿಕೆಯಿಂದ ಸಲೀಸಾಗಿ ಬರುತ್ತದೆ. ರೋಮಾ 5:8 ಬೇರೆ ಹೇಳುತ್ತದೆ, ನಾವು ಪಾಪಿಗಳಾಗಿದ್ದಾಗಲೇ ಸತ್ತನು. ಬೆಲೆ ನೋಡಿ ಪ್ರೀತಿ ಹುಟ್ಟಿದ್ದಲ್ಲ.

ಯುವಕೂಟ_ಪಾಠ:

ಬಹಳ ಉಪಕಾರ. ಇನ್ನೊಂದೇ. ಸತ್ತಾಗ ಆತ್ಮದ ತೂಕ 21 ಗ್ರಾಂ ಇಳಿಯುತ್ತದೆ ಅಂತ ವಾಟ್ಸ್ಆ್ಯಪ್‌ನಲ್ಲಿ ಓಡಾಡುತ್ತಿದೆಯಲ್ಲ, ಶುರುವಿಗೆ ಅದನ್ನು ಇಟ್ಟರೆ ಹೇಗೆ?

ಗ್ರೀಕ್_ಓದು:

ಬೇಡವೇ ಬೇಡ. ಅದು ಅಮೆರಿಕದ ಮ್ಯಾಸಚೂಸೆಟ್ಸ್‌ನ ಡಂಕನ್ ಮ್ಯಾಕ್‌ಡೂಗಲ್ ಎಂಬ ವೈದ್ಯರು 1907ರಲ್ಲಿ ಪ್ರಕಟಿಸಿದ್ದು. ತೂಗಿದ್ದು ಸಾಯುತ್ತಿದ್ದ 6 ಜನರನ್ನು. 21 ಗ್ರಾಂ ಬಂದದ್ದು ಒಬ್ಬರಿಗೆ. ಇಬ್ಬರ ಫಲಿತಾಂಶವನ್ನು ಅವರೇ ಬಿಟ್ಟರು, ಉಳಿದವು ಒಂದಕ್ಕೊಂದು ತಾಳೆಯಾಗಲಿಲ್ಲ. ಕೂಟದಲ್ಲಿ ಒಬ್ಬ ಮೊಬೈಲ್ ತೆಗೆದು ನೋಡಿದರೆ ಮುಂದೆ ಹೇಳುವ ಮಾತೂ ಹಗುರಾಗುತ್ತದೆ.

ಗುಬ್ಬಿಯಿಂದ ಶುರುಮಾಡಿ. ಮತ್ತಾಯ 10:29ರಲ್ಲಿ ಒಂದು ಅಸ್ಸಾರಿಯಕ್ಕೆ 2 ಗುಬ್ಬಿ. ಅಸ್ಸಾರಿಯ ಅಂದರೆ ದೆನಾರಿಯದ 16ರಲ್ಲಿ ಒಂದು ಪಾಲು, ಮತ್ತಾಯ 20:2ರಂತೆ ದೆನಾರಿಯ ಒಂದು ದಿನದ ಕೂಲಿ. ಕೂಲಿ 640 ರೂಪಾಯಿ ಅಂದುಕೊಂಡರೆ ಜೋಡಿ ಗುಬ್ಬಿಗೆ 40. ಈಗ ಲೂಕ 12:6 ತೆರೆಸಿ: 2 ಅಸ್ಸಾರಿಯಕ್ಕೆ 5 ಗುಬ್ಬಿ. ಲೆಕ್ಕಕ್ಕೆ 4 ಬರಬೇಕು. ಐದನೆಯದು ಕೊಸರು, ಸಂತೆಯಲ್ಲಿ ಸೊಪ್ಪಿನ ಜೊತೆ ಹಾಕುವ ಎರಡು ಎಳೆ ಕೊತ್ತಂಬರಿಯ ಹಾಗೆ. ‘ಅವುಗಳಲ್ಲಿ ಒಂದನ್ನೂ ದೇವರು ಮರೆತಿಲ್ಲ’ ಎಂದು ಯೇಸು ಹೇಳಿದ್ದು ಆ ಕೊಸರಿನ ಗುಬ್ಬಿಯೂ ಸೇರಿದ ಮೇಲೆ. ಐದನೆಯದು ಎಲ್ಲಿಂದ ಬಂತು ಅಂತ ಹುಡುಗರನ್ನೇ ಕೇಳಿ, ಉತ್ತರ ಅವರ ಬಾಯಿಂದಲೇ ಬರಲಿ. ಆಮೇಲೆ ಮಾರ್ಕಕ್ಕೆ ಬನ್ನಿ.