ಚಳಿಗಾಲಕ್ಕೆ ಬೋಟಿಗೆ ಯಾವ ಕವರ್ ತಗೊಳ್ಳೋದು? ನೀಲಿ ಟಾರ್ಪಾಲ್ ಒಂದೇ ವರ್ಷಕ್ಕೆ ಚಿಂದಿ ಆಯ್ತು

ಹೊಸದೋಣಿಗ (ಮಿನ್ನೆಸೋಟ)
ಎಲ್ರಿಗೂ ನಮಸ್ಕಾರ. ಹೋದ ವರ್ಷ ಒಂದು ಸೆಕೆಂಡ್ ಹ್ಯಾಂಡ್ ಬೋಟ್ ತಗೊಂಡೆ, 18 ಅಡಿ, ಫೈಬರ್‌ದು, ಹಿಂಬದಿಗೆ ಆಚೆಯಿಂದ ಕೂರಿಸಿರೋ ಔಟ್‌ಬೋರ್ಡ್ ಎಂಜಿನ್. ಗ್ಯಾರೇಜಲ್ಲಿ ಕಾರಿಗೇ ಜಾಗ ಸಾಲಲ್ಲ, ಹಂಗಾಗಿ ಅಕ್ಟೋಬರಿಂದ ಏಪ್ರಿಲ್ ತನಕ ಟ್ರೇಲರ್ ಸಮೇತ ಮನೆ ಪಕ್ಕ ಬಯಲಲ್ಲೇ ನಿಂತಿರತ್ತೆ. ಹೋದ ಚಳಿಗಾಲ ನೀಲಿ ಟಾರ್ಪಾಲ್ ಹೊದಿಸಿ ಸುತ್ತ ಹಗ್ಗ ಬಿಗಿದು ಕೈ ತೊಳ್ಕೊಂಡಿದ್ದೆ, ಫೆಬ್ರವರೀಲಿ ನೋಡಿದ್ರೆ ನಡುವೆ ಬಾಣಲಿ ತರ ತಗ್ಗು, ಅದರ ತುಂಬ ಐಸು, ಹಗ್ಗ ಕಟ್ಟೋ ಕಣ್ಣುಗಳೆಲ್ಲ ಕಿತ್ತು ಬಂದಿದ್ವು. ಏಪ್ರಿಲಲ್ಲಿ ಬಿಚ್ಚಿದಾಗ ಸೀಟಿಗೆಲ್ಲ ಬೂಷ್ಟು. ಈ ಸಲ ನಾಲ್ಕೈದು ವರ್ಷ ಬಾಳಿಕೆ ಬರೋದು ಬೇಕು. ಪಾಲಿಯೆಸ್ಟರಾ, ಅಕ್ರಿಲಿಕ್ಕಾ, ಇಲ್ಲ ಬಿಸಿ ಹಾಯಿಸಿ ಬಿಗಿ ಮಾಡೋ ಪ್ಲಾಸ್ಟಿಕ್ ಹೊದಿಕೆ, ಅದೇ ಶ್ರಿಂಕ್ ರ‍್ಯಾಪ್ ಮಾಡಿಸ್ಲಾ? ಅಳತೆ ಕೊಟ್ಟು ಹೊಲಿಸೋ ಕವರಿನ ರೇಟ್ ಕೇಳಿ ನಮ್ಮನೆಯವಳು ಬೋಟನ್ನೇ ಮಾರಿಬಿಡಿ ಅಂದ್ಲು.

ಮಿಷಿಗನ್‌ಮಂಜು
ಗುರೂ, ಬಟ್ಟೆ ಯಾವ್ದು ಅನ್ನೋದು ಆಮೇಲಿನ ಮಾತು, ಮೊದ್ಲು ಒಳಗೆ ಏನು ಆಸರೆ ಕೊಟ್ಟಿದ್ರಿ ಹೇಳಿ. ಏನೂ ಇರ್ಲಿಲ್ಲ ಅಂತ ಅನ್ಸತ್ತೆ. ಒಂದು ಚದರ ಮೀಟರ್ ಜಾಗದಲ್ಲಿ ಬರೀ 1 ಸೆಂಟಿಮೀಟರ್ ನೀರು ನಿಂತ್ರೆ 10 ಕೆಜಿ. ನಿಮ್ಮ ಬಾಣಲಿ ನಾಲ್ಕು ಚದರ ಮೀಟರ್ ಇದ್ದು 5 ಸೆಂಟಿಮೀಟರ್ ತುಂಬಿದ್ರೆ 200 ಕೆಜಿ ಆಯ್ತು, ಯಾವ ಬಟ್ಟೆ ತಡ್ಕೊಳ್ಳತ್ತೆ? ಒಂದು ಸಲ ಜಗ್ಗಿದ್ರೆ ಮತ್ತೆ ಅಲ್ಲೇ ನೀರು ನಿಲ್ಲತ್ತೆ, ಮತ್ತೆ ಜಗ್ಗತ್ತೆ.

ಮನೆ ಸೂರಿಗೆ ಬೆನ್ನುಮರ ಹಾಕಲ್ವಾ, ಹಂಗೆ ಮುಂದಿನ ಮೂತಿಯಿಂದ ಹಿಂದಿನ ತನಕ ನಡುವೆ ಉದ್ದಕ್ಕೆ ಒಂದು ಮರದ ಪಟ್ಟಿ, ಕೆಳಗೆ ಊರುಗೋಲು. ಎರಡೂ ಕಡೆ ಇಳಿಜಾರು ಎಷ್ಟು ಕಡಿದಾಗಿದ್ರೆ ಅಷ್ಟು ಒಳ್ಳೇದು, ಹಿಮ ತಾನಾಗೇ ಜಾರಬೇಕು. ವಿಂಡ್‌ಶೀಲ್ಡ್ ಮೂಲೆ, ಹಗ್ಗ ಕಟ್ಟೋ ಕ್ಲೀಟು ಎಲ್ಲೆಲ್ಲಿ ಚೂಪು ಇದ್ಯೋ ಅಲ್ಲಿ ಹಳೇ ಕಾರ್ಪೆಟ್ ತುಂಡು ಸುತ್ತಿ. ಕವರ್ ಹರಿಯೋದು ಅಲ್ಲಿಂದ್ಲೇ.

ಇನ್ನು ಬಟ್ಟೆ. ಅಕ್ರಿಲಿಕ್ ಬಿಸಿಲಿಗೆ ಜಗ್ಗಲ್ಲ, ನೂಲಿಗೇ ಬಣ್ಣ ಕೂಡಿರೋದ್ರಿಂದ ಮಾಸೋದೂ ಕಮ್ಮಿ, ಗಾಳಿ ಆಡತ್ತೆ, ಆದ್ರೆ ಉಜ್ಜಾಟ ತಡೆಯಲ್ಲ, ಕೆಲವು ವರ್ಷ ಆದ್ಮೇಲೆ ನೀರು ತಡೆಯೋ ಸ್ಪ್ರೇ ಮತ್ತೆ ಹೊಡೀಬೇಕು. ಪಾಲಿಯೆಸ್ಟರ್ ಉಜ್ಜಾಟಕ್ಕೆ ಗಟ್ಟಿ, ಬಿಸಿಲಿಗೆ ಸ್ವಲ್ಪ ಬೇಗ ಸೋಲತ್ತೆ. ನಿಮ್ದು ಚಳಿಗಾಲಕ್ಕಷ್ಟೇ ಅಂದ್ರೆ 600 ಡೆನಿಯರ್ (ನೂಲಿನ ದಪ್ಪದ ಅಳತೆ) ಪಾಲಿಯೆಸ್ಟರ್ ಸಾಕು, ಅಕ್ರಿಲಿಕ್ಕಿಗೆ ದುಡ್ಡು ಸುರೀಬೇಡಿ. ಪೂರ್ತಿ ವಿನೈಲ್ (ಪ್ಲಾಸ್ಟಿಕ್ ಹಾಳೆ ತರದ್ದು) ಮಾತ್ರ ಬೇಡ, ನೀರು ಒಳಗೂ ಬರಲ್ಲ, ಒಳಗಿನ ತೇವ ಆಚೆಗೂ ಹೋಗಲ್ಲ, ನಿಮ್ಮ ಟಾರ್ಪಾಲೂ ಹಂಗೇ, ಬೂಷ್ಟಿಗೆ ಅದೇ ಕಾರಣ. ಇನ್ನೊಂದು ವಿಷ್ಯ, ಬಟ್ಟೆ ಚೆನ್ನಾಗಿರೋವಾಗ್ಲೇ ಹೊಲಿಗೆ ಬಿಡತ್ತೆ, ದಾರ ಬಿಸಿಲಿಗೆ ಮೊದ್ಲು ಸಾಯತ್ತೆ. ನಂದು ಮೂರನೇ ವರ್ಷ ಹಂಗೇ ಬಾಯಿ ಬಿಡ್ತು, ಬಟ್ಟೆ ಹೊಸದರ ತರಾನೇ ಇತ್ತು. ಕೊಳ್ಳೋಕ್ ಮುಂಚೆ ಹೊಲಿಗೆ ಎರಡು ಸಾಲು ಇದ್ಯಾ ನೋಡಿ.

ಕೆರೆದಂಡೆ
ಶ್ರಿಂಕ್ ರ‍್ಯಾಪ್ ಮಾಡ್ಸಿ ಸರ್, ತಲೆಬಿಸಿ ಇಲ್ಲ. ಡೋಲು ತರ ಬಿಗಿಯಾಗಿ ಕೂರತ್ತೆ, ಗಾಳಿಗೆ ಪಟಪಟ ಹೊಡ್ಕೊಳ್ಳಲ್ಲ. ಎರಡೂ ತುದೀಲಿ ಗಾಳಿಕಿಂಡಿ ಹಾಕು ಅಂತ ಮಾತ್ರ ಮುಂಚೇನೇ ಹೇಳ್ಬೇಕು. ಒಂದೇ ಕಷ್ಟ ಅಂದ್ರೆ ಪ್ರತಿ ವರ್ಷ ಹೊಸದು, ಏಪ್ರಿಲಲ್ಲಿ ಚಾಕು ಹಾಕಿ ಕೊಯ್ದು ಬಿಸಾಕೋದು. ನಡುವೆ ಒಳಗಿಂದ ಏನಾದ್ರೂ ತೆಗೀಬೇಕು ಅಂದ್ರೂ ಕಷ್ಟ, ಜಿಪ್ ಬಾಗಿಲು ಇಡಿಸಿಕೊಂಡ್ರೆ ಸರಿ.

ಗಂಗೊಳ್ಳಿಯವ
ನಮಗೆ ಹಿಮ ಎಂತದೂ ಗೊತ್ತಿಲ್ಲ ಮರಾಯ್ರೆ, ಆದ್ರೆ ದೋಣಿ ಮುಚ್ಚಿ ಇಡೂದು ಗೊತ್ತಿತ್ತ್. ಇಲ್ಲಿ ಕರ್ನಾಟಕದ ಕರಾವಳಿಲಿ ಜೂನ್ 1ರಿಂದ ಜುಲೈ 31ರ ತನಕ 61 ದಿನ ಯಾಂತ್ರಿಕ ಬೋಟಿಗೆ ಮೀನುಗಾರಿಕೆ ಬಂದ್, ಆ ಮಳೆಗೆ ಆಕಾಶಕ್ಕೇ ತೂತು ಬಿದ್ದಂಗೆ. ನಮ್ಮ ಅಜ್ಜಯ್ಯ ಮರದ ದೋಣಿ ದಡಕ್ಕೆ ಎಳೆದು ಹಾಕಿ ಮೇಲೆ ತೆಂಗಿನ ಮಡಲಿನ ಚಪ್ಪರ ಮಾಡ್ತಿದ್ರು. ಚಪ್ಪರ ದೋಣಿಗೆ ತಾಗೂಕಾಗ, ನಡುವೆ ಗಾಳಿ ಹೋಪಷ್ಟು ಜಾಗ ಬೇಕು ಅಂತ ಅವರ ಕಟ್ಟುನಿಟ್ಟು. ಆಮೇಲೆ ನಾವು ಬುದ್ಧಿವಂತರು ಟರ್ಪಾಲನ್ನ ದೋಣಿಗೇ ಅಂಟಿಸಿ ಕಟ್ಟಿದ್ವಿ, ಆಗಸ್ಟಲ್ಲಿ ತೆಗೆದ್ರೆ ಒಳಗೆಲ್ಲ ಹಾವಸೆ! ಮಿಷಿಗನ್ನಿನ ಅಣ್ಣ ಹೇಳೂದೂ ಅದೇ. ನೀರು ಹೋಪ ತೂತಿನ ಬಿರಡೆ ತೆಗೆದು ಇಡಿ, ಮೂತಿ ಸ್ವಲ್ಪ ಮೇಲೆ ಎತ್ತಿ, ಒಳಗೆ ಬಂದ ನೀರು ಹಿಂದಿನಿಂದ ಹೋಯ್ತದೆ.

ಹೊಸದೋಣಿಗ (ಮಿನ್ನೆಸೋಟ)
ಬಿರಡೆ ತೆಗೆದೇ ಇರ್ಲಿಲ್ಲ ನಾನು 🤦 ಸರಿ, ಮರದ ಪಟ್ಟಿ, ಪಾಲಿಯೆಸ್ಟರ್ ಕವರ್, ಕಿಂಡಿ ಇಷ್ಟು ಮಾಡ್ತೀನಿ. ಅಳತೆ ಕೊಡೋವಾಗ ಎಂಜಿನ್ ಸೇರಿಸ್ಬೇಕಾ? ಮತ್ತೆ ಕವರ್ ಅಂಚಿಗೆ ನೀರು ತುಂಬಿದ ಕ್ಯಾನ್ ನೇತು ಹಾಕ್ತಾರಲ್ಲ ಭಾರಕ್ಕೆ, ಅದು ಹೆಂಗೆ?

ಮಿಷಿಗನ್‌ಮಂಜು
ಕವರ್ ಎಂಜಿನ್ನನ್ನೂ ಮುಚ್ಚೋ ತರದ್ದಾ ಅಂತ ಮೊದ್ಲು ಕೇಳಿ, ಕೆಲವಕ್ಕೆ ಎಂಜಿನ್ ಚೀಲ ಬೇರೆ ಬರತ್ತೆ. ಉದ್ದ ಅಳೆಯೋವಾಗ ನಡುವೆ ನೇರ ಗೆರೆ ಹಿಡೀರಿ, ವಿಂಡ್‌ಶೀಲ್ಡ್ ಮೇಲೆ ಹತ್ತಿಸಿ ಇಳಿಸಿ ಅಳೀಬೇಡಿ. ನೀರಿನ ಕ್ಯಾನ್ ಡಿಸೆಂಬರಲ್ಲಿ ಹೆಪ್ಪುಗಟ್ಟಿ ಒಡೆಯತ್ತೆ, ಗಾಳಿ ಬಂದಾಗ ಬೋಟ್ ಮೈಗೆ ಗುದ್ದತ್ತೆ ಬೇರೆ. ಅದರ ಬದ್ಲು ಕವರಿನ ಬಟ್ಟೆ ಪಟ್ಟಿಗಳನ್ನ ಟ್ರೇಲರ್ ಕಂಬಿಗೆ ಬಿಗೀರಿ. ಮತ್ತೆ ಬ್ಯಾಟರಿ ಬಿಚ್ಚಿ ಮನೆ ಒಳಗೆ ಇಟ್ಕೊಳ್ಳಿ, ಸೀಟ್ ಕೆಳಗೆ ಚಿಪ್ಸ್ ಪ್ಯಾಕೆಟ್ ಬಿಡಬೇಡಿ, ಇಲಿ ಸಂಸಾರ ಹೂಡತ್ತೆ.

ಹೊಸದೋಣಿಗ (ಮಿನ್ನೆಸೋಟ)
ಹೂಡಿಯಾಗಿತ್ತು ಸರ್ ಹೋದ ವರ್ಷಾನೇ. ಲೈಫ್ ಜಾಕೆಟ್ ಕಡಿದು ಹಾಸಿಗೆ ಮಾಡ್ಕೊಂಡಿದ್ವು.